ಮನೆಖರ್ಚಿಗೆ ರಿವಾರ್ಡ್ ಕ್ರೆಡಿಟ್ ಕಾರ್ಡ್ ಬಳಸುವುದು ಸರಿಯೇ?

ಪ್ರಶ್ನೆ:
ನಾವು ಮೈಸೂರಿನಲ್ಲಿದ್ದೇವೆ. ದಿನಸಿ, ತರಕಾರಿ, ಔಷಧ, ವಿದ್ಯುತ್ ಬಿಲ್ ಎಲ್ಲ ಸೇರಿ ತಿಂಗಳಿಗೆ ಸುಮಾರು 20,000 ರೂಪಾಯಿ ಖರ್ಚಾಗುತ್ತದೆ. ಇದುವರೆಗೆ ಎಲ್ಲವನ್ನೂ ಉಳಿತಾಯ ಖಾತೆಯಿಂದ ಯುಪಿಐ ಮೂಲಕ ಕೊಡುತ್ತಿದ್ದೆ. ಈಗ ಬ್ಯಾಂಕಿನವರು ಖರ್ಚಿನ ಶೇ 1ರಷ್ಟು ಮೌಲ್ಯದ ಪಾಯಿಂಟ್ ಸಿಗುವ ರುಪೇ ಕ್ರೆಡಿಟ್ ಕಾರ್ಡ್ ಕೊಡುವುದಾಗಿ ಹೇಳಿದ್ದಾರೆ. ವಾರ್ಷಿಕ ಶುಲ್ಕ 499 ರೂಪಾಯಿ, ಜಿಎಸ್‌ಟಿ ಪ್ರತ್ಯೇಕ. ಕೈಸಾಲಕ್ಕೂ ಅಂಜುವ ಮನೆಯಲ್ಲಿ ಬೆಳೆದ ನನಗೆ ಅಳುಕಿದೆ. ಅನುಭವಸ್ಥರು ದಯವಿಟ್ಟು ತಿಳಿಸಿ.

ಉತ್ತರ 1:
ಮೊದಲು ಲೆಕ್ಕ ಹಾಕೋಣ. ಎಲ್ಲ ಖರ್ಚಿಗೂ ಪಾಯಿಂಟ್ ಸಿಕ್ಕರೆ ವರ್ಷಕ್ಕೆ 2,400 ರೂಪಾಯಿ. ಅದರಲ್ಲಿ ಶುಲ್ಕ ಮತ್ತು ಶೇ 18ರ ಜಿಎಸ್‌ಟಿಗೆ ಸುಮಾರು 589 ಹೋದರೆ ಉಳಿಯುವುದು 1,811. ಒಂದು ತಿಂಗಳು ಕೈ ಬಿಗಿಯಾಗಿ, ಬಿಲ್ಲಿನಲ್ಲಿ ಕಾಣುವ 'ಮಿನಿಮಮ್ ಡ್ಯೂ' (ಗಡುವಿನೊಳಗೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ) 1,000 ರೂಪಾಯಿಯನ್ನಷ್ಟೇ ಕಟ್ಟಿದಿರಿ ಎಂದುಕೊಳ್ಳಿ. ಉಳಿದ 19,000ಕ್ಕೆ ತಿಂಗಳಿಗೆ ಶೇ 3.5ರಂತೆ 665 ರೂಪಾಯಿ ಬಡ್ಡಿ, ಅದರ ಮೇಲೆ ಜಿಎಸ್‌ಟಿ, ಒಟ್ಟು ಸುಮಾರು 785: ಹೆಚ್ಚುಕಡಿಮೆ ನಾಲ್ಕು ತಿಂಗಳ ಪಾಯಿಂಟ್ ಒಂದೇ ಸಲಕ್ಕೆ ಹೋಯಿತು. ಅಷ್ಟೇ ಅಲ್ಲ, ಬಾಕಿ ಉಳಿದಿರುವಾಗ ಹೊಸದಾಗಿ ಕೊಂಡ ಅಕ್ಕಿ ಬೇಳೆಗೂ ಬಡ್ಡಿರಹಿತ ಅವಧಿ ಸಿಗದೆ, ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ. ಮಿನಿಮಮ್ ಡ್ಯೂ ಕಟ್ಟಿದರೆ ತಪ್ಪುವುದು ತಡಪಾವತಿ ಶುಲ್ಕ ಮಾತ್ರ, ಬಡ್ಡಿಯಲ್ಲ.

ಉತ್ತರ 2:
ಮೇಲಿನ ಮಾತು ನಿಜ ಎಂದು ನಾನು ಪೆಟ್ಟು ತಿಂದು ಕಲಿತಿದ್ದೇನೆ. ತಾಯಿಯವರು ಆಸ್ಪತ್ರೆಯಲ್ಲಿದ್ದಾಗ ಗಾಬರಿಯಲ್ಲಿ ಕ್ರೆಡಿಟ್ ಕಾರ್ಡಿನಿಂದಲೇ ಎಟಿಎಮ್‌ನಲ್ಲಿ ನಗದು ತೆಗೆದೆ; ತೆಗೆದ ದಿನದಿಂದಲೇ ಬಡ್ಡಿ, ಜೊತೆಗೆ ನಗದು ಶುಲ್ಕ ಬೇರೆ. ದಯವಿಟ್ಟು ಆ ತಪ್ಪು ಮಾಡಬೇಡಿ. ಈಗ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಕಿರಾಣಿ ಅಂಗಡಿಯಲ್ಲಿ 1,340 ರೂಪಾಯಿಗೆ ಕ್ಯೂಆರ್ ಸ್ಕ್ಯಾನ್ ಮಾಡಿ ಕಾರ್ಡಿನಿಂದ ಕೊಟ್ಟರೆ, ಅಂಗಡಿಯ ಮೆಟ್ಟಿಲಿಳಿಯುವ ಮುನ್ನವೇ ಅಷ್ಟೇ ಹಣವನ್ನು ಸಂಬಳದ ಖಾತೆಯಿಂದ ಇನ್ನೊಂದು ಉಳಿತಾಯ ಖಾತೆಗೆ ಹಾಕುತ್ತೇನೆ. ಬಿಲ್ ಬಂದಾಗ ಪೂರ್ತಿ ಮೊತ್ತ ಅಲ್ಲಿಂದಲೇ ಆಟೋ ಡೆಬಿಟ್ ಆಗುತ್ತದೆ. ಪಾಯಿಂಟಿನ ಆಸೆಗೆ ಬೇಡದ ವಸ್ತು ಕೊಳ್ಳುವ ಚಪಲವೂ ಇದರಿಂದ ತಗ್ಗಿದೆ. ಒಂದು ವಿಷಯ: ರುಪೇ ಕ್ರೆಡಿಟ್ ಕಾರ್ಡಿನಿಂದ ಯುಪಿಐ ಮೂಲಕ ವ್ಯಾಪಾರಿಗಳಿಗೆ ಮಾತ್ರ ಹಣ ಕೊಡಬಹುದು. ಸೊಪ್ಪಿನವರು ತಮ್ಮ ವೈಯಕ್ತಿಕ ಕ್ಯೂಆರ್ ಇಟ್ಟಿದ್ದರೆ ಕಾರ್ಡ್ ನಡೆಯುವುದಿಲ್ಲ.

ಉತ್ತರ 3:
ಕ್ರೆಡಿಟ್ ಕಾರ್ಡ್ ಬಗ್ಗೆ ರಿಸರ್ವ್ ಬ್ಯಾಂಕಿನ ನಿರ್ದೇಶನಗಳಲ್ಲಿ ನಿಮಗೆ ಅನುಕೂಲವಾಗುವ ಕೆಲವು ಅಂಶಗಳಿವೆ. ಬಿಲ್ಲಿನ ಅವಧಿಯನ್ನು ಕನಿಷ್ಠ ಒಂದು ಬಾರಿ ಬದಲಿಸಿಕೊಳ್ಳುವ ಹಕ್ಕು ಗ್ರಾಹಕರಿಗಿದೆ. ಸಂಬಳ 1ನೇ ತಾರೀಖು ಬರುವುದಾದರೆ ಗಡುವು ಅದರ ಮರುವಾರ ಬೀಳುವಂತೆ ಕೇಳಿಕೊಳ್ಳಿ. ಬಾಕಿಯಿಲ್ಲದ ಕಾರ್ಡನ್ನು ಮುಚ್ಚಲು ಕೋರಿದರೆ 7 ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ದಂಡ ಬ್ಯಾಂಕ್ ಕೊಡಬೇಕು. ಆದುದರಿಂದ ಒಮ್ಮೆ ತೆಗೆದುಕೊಂಡರೆ ಬಿಡುಗಡೆಯಿಲ್ಲವೆಂಬ ಭಯ ಬೇಡ. ಆದರೆ ಪಾಯಿಂಟ್ ಯಾವ ಖರ್ಚಿಗೆ ಸಿಗುವುದಿಲ್ಲ ಎಂಬ ಪಟ್ಟಿಯನ್ನು ಕೇಳಿ ಪಡೆಯಿರಿ. ಪೆಟ್ರೋಲ್, ಮನೆ ಬಾಡಿಗೆ, ವಾಲೆಟ್‌ಗೆ ಹಣ ತುಂಬುವುದನ್ನು ಅನೇಕ ಕಾರ್ಡ್‌ಗಳು ಹೊರಗಿಡುತ್ತವೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ವಿದ್ಯುತ್ ಬಿಲ್ಲಿಗೆ ಪಾಯಿಂಟ್ ಇದೆಯೇ ಎಂಬುದನ್ನು ನಾಳೆ ಬ್ಯಾಂಕಿನಿಂದ ಬರವಣಿಗೆಯಲ್ಲಿ ಪಡೆಯುತ್ತೇನೆ. ಕಾರ್ಡ್ ತೆಗೆದುಕೊಂಡರೂ ಮೊದಲ ಮೂರು ತಿಂಗಳು ದಿನಸಿ ಮತ್ತು ಔಷಧಕ್ಕಷ್ಟೇ ಬಳಸಿ, ಪೂರ್ತಿ ಮೊತ್ತದ ಆಟೋ ಡೆಬಿಟ್ ಸರಿಯಾಗಿ ನಡೆಯುತ್ತಿದೆಯೆಂದು ಖಚಿತವಾದ ಮೇಲೆ ಉಳಿದ ಖರ್ಚಿನ ಬಗ್ಗೆ ಯೋಚಿಸುತ್ತೇನೆ.