‘ರವರೆಗೆ’ ಅಂದ್ರೆ ಆ ದಿನವೂ ಸೇರ್ತಾ? ಹಾಜರಾತಿ ವರದಿಯ ಕಾಲಂ ಹೆಸರುಗಳ ಬಗ್ಗೆ

ಎಲ್ರಿಗೂ ನಮಸ್ಕಾರ. ಕಚೇರಿಯ ಹಾಜರಾತಿ ವರದಿನ ಎಕ್ಸೆಲ್‌ನಲ್ಲಿ ಪೂರ್ತಿ ಕನ್ನಡದಲ್ಲೇ ಮಾಡ್ತಿದೀನಿ, ಕಾಲಂ ಹೆಡ್ಡಿಂಗ್ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕಿತ್ತು.

ರಜೆ ಅರ್ಜಿಲಿ ನಾವೆಲ್ಲ ಬರೆಯೋದು "ದಿನಾಂಕ 5-8-2024 ರಿಂದ 12-8-2024 ರವರೆಗೆ" ಅಂತ. ಸೋಮವಾರದಿಂದ ಮುಂದಿನ ಸೋಮವಾರ. ಓದಿದೋರಿಗೆ 12ನೇ ತಾರೀಖೂ ರಜೆನೇ, 13ಕ್ಕೆ ಡ್ಯೂಟಿಗೆ ಹಾಜರು ಅಂತ ಗೊತ್ತಾಗುತ್ತೆ. ಆದ್ರೆ ಕೊನೇ ತಾರೀಖಲ್ಲಿ ಮೊದಲ ತಾರೀಖು ಕಳೆದ್ರೆ ಎಕ್ಸೆಲ್ 7 ಅನ್ನುತ್ತೆ, ಯಾಕಂದ್ರೆ ಅದರ ಪಾಲಿಗೆ ತಾರೀಖು ಅಂದ್ರೆ 1900ರ ಜನವರಿ 1ನ್ನ ಒಂದು ಅಂತ ಹಿಡ್ಕೊಂಡು ಎಣಿಸಿದ ನಂಬರ್ ಅಷ್ಟೆ. ಒಂದು ಕೂಡಿಸಿದ್ರೆ 8. ನೆಟ್‌ವರ್ಕ್‌ಡೇಸ್ ಫಾರ್ಮುಲಾ ಹಾಕಿದ್ರೆ ಎರಡೂ ತುದಿ ಸೇರಿಸ್ಕೊಂಡು, ಶನಿವಾರ ಭಾನುವಾರ ಬಿಟ್ಟು 6. (10ನೇ ತಾರೀಖು ಎರಡನೇ ಶನಿವಾರ, ಹಾಗಾಗಿ ಸರಿಹೋಯ್ತು. ನಮ್ಮ ರಾಜ್ಯ ಸರ್ಕಾರಿ ಕಚೇರಿಗಳಿಗೆ ಎರಡನೇ ನಾಲ್ಕನೇ ಶನಿವಾರ ಮಾತ್ರ ರಜೆ ಅಲ್ವಾ, ಅದಕ್ಕೆ ಇದರದ್ದೇ ಇಂಟ್ಲ್ (NETWORKDAYS.INTL) ರೂಪದಲ್ಲಿ ವಾರದ ರಜೆ ಯಾವುದು ಅನ್ನೋ ಜಾಗಕ್ಕೆ 11 ಅಂತ ಕೊಟ್ಟು ಭಾನುವಾರ ಒಂದನ್ನೇ ಬಿಡಿಸಿ, ಆ ಶನಿವಾರಗಳನ್ನ ರಜಾ ಪಟ್ಟಿಲಿ ಬೇರೆ ಕೊಡೋದೇ ಕ್ಷೇಮ.)

ಈಗ 8ಕ್ಕೂ 6ಕ್ಕೂ ಹೆಡ್ಡಿಂಗ್ ಒಂದೇ, "ದಿನಗಳು". ಎರಡೂ ಬೇಕಾದ ಲೆಕ್ಕಾನೇ. ಸಾಂದರ್ಭಿಕ ರಜೆಗೆ ನಡುವೆ ಬರೋ ರಜಾದಿನ ಎಣಿಸಲ್ಲ, ಗಳಿಕೆ ರಜೆಗೆ ಎಣಿಸ್ತಾರೆ. 6ಕ್ಕೆ "ಕೆಲಸದ ದಿನ" ಅಂತ ಬರೆದ್ರೆ ಆ ಮನುಷ್ಯ ಕೆಲಸ ಮಾಡಿದ ದಿನ ಅನ್ನೋ ಅರ್ಥಾನೂ ಬರುತ್ತೆ, ಅವರು ನೋಡಿದ್ರೆ ರಜೆಲಿದ್ರು! "ಕಚೇರಿ ನಡೆದ ದಿನ" ಅನ್ನೋದು ನನಗೆ ವಾಸಿ ಅನ್ನಿಸ್ತಿದೆ.

8ರ ವಿಷಯಕ್ಕೆ ಬಂದ್ರೆ, ನಮ್ಮ ಆಡುಮಾತಿನ ಎಣಿಕೆನೇ ಎರಡೂ ತುದಿ ಸೇರಿಸ್ಕೊಳ್ಳೋದು. ಸೋಮವಾರ ನಿಂತ್ಕೊಂಡು "ಎಂಟು ದಿನ ಬಿಟ್ಟು ಬಾ" ಅಂದ್ರೆ ಮುಂದಿನ ಸೋಮವಾರ ಬಾ ಅಂತಾನೇ ತಾನೆ, ಎರಡು ವಾರಕ್ಕೆ "ಹದಿನೈದು ದಿನ" ಅಂತೀವಿ, ಹದಿನಾಲ್ಕು ಅನ್ನಲ್ಲ. ಹಾಗಾಗಿ ಆ ಒಂದು ಕೂಡಿಸೋದು ಎಕ್ಸೆಲ್‌ಗೆ ತೇಪೆ ಹಾಕಿದ ಹಾಗಲ್ಲ, ಕನ್ನಡದ ಲೆಕ್ಕಾನೇ ಅದು ಅಂತ ನನ್ನ ವಾದ. ಆದ್ರೂ "ಶುಕ್ರವಾರದ ತನಕ ಇರಲ್ಲ" ಅಂತ ಬಾಯಲ್ಲಿ ಹೇಳಿದ್ರೆ ಶುಕ್ರವಾರ ಸಿಗ್ತಾರಾ ಇಲ್ವಾ ಅಂತ ಮತ್ತೆ ಕೇಳ್ಬೇಕಾಗುತ್ತೆ, ಅಂದ್ರೆ ಬರವಣಿಗೆಯ "ರವರೆಗೆ"ಗಿರೋ ಖಚಿತತೆ "ತನಕ"ಕ್ಕೆ ಇಲ್ವೇನೋ.

ನಿಮ್ಮ ಕಡೆ "ತನಕ", "ಮಟ" ಅಂದಾಗ ಆ ದಿನ ಸೇರುತ್ತಾ? ಮತ್ತೆ ಹೆಡ್ಡಿಂಗ್‌ಗೆ "ಎರಡೂ ದಿನ ಸೇರಿ" ಅಂತ ಹಾಕಿದ್ರೆ ಸಾಕಾ, ಇಲ್ಲ ಇಲಾಖೆಗಳಲ್ಲಿ ಇದಕ್ಕೆ ಮೊದಲಿಂದ ಬಳಕೇಲಿರೋ ಮಾತು ಏನಾದ್ರೂ ಇದ್ಯಾ?