ಏಪ್ರಿಲ್ ರಜೆಯಲ್ಲಿ ಹಾಯಿದೋಣಿಯಲ್ಲಿ ದ್ವೀಪ ಸುತ್ತುವ ಆಲೋಚನೆ: ಅಮ್ಮನನ್ನೂ ಕರೆದುಕೊಂಡು ಹೋಗಬಹುದೇ?

ಅಮಾನಿಕೆರೆ ಏರಿ (ತುಮಕೂರು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬರುವ ಏಪ್ರಿಲ್‌ನಲ್ಲಿ ಮಕ್ಕಳಿಗೆ ಬೇಸಿಗೆ ರಜೆ ಸಿಕ್ಕ ಕೂಡಲೇ ಮನೆಮಂದಿಯೆಲ್ಲ ಥಾಯ್ಲೆಂಡಿನ ಫುಕೆಟ್‌ಗೆ ಹೋಗಿ, ಅಲ್ಲಿ ಹಾಯಿದೋಣಿಯೊಂದನ್ನು ಬಾಡಿಗೆಗೆ ಹಿಡಿದು, ಫಂಗ್‌ಙಾ ಕೊಲ್ಲಿಯ ದ್ವೀಪಗಳ ನಡುವೆ ಐದು ರಾತ್ರಿ ದೋಣಿಯಲ್ಲೇ ಕಳೆದು ಬರಬೇಕೆಂಬ ಆಲೋಚನೆಯಲ್ಲಿದ್ದೇವೆ. (ಒಂದನೇ ತರಗತಿಯಲ್ಲಿ ಕಲಿತ ಙ ಅಕ್ಷರವನ್ನು ನಾನು ಉಪಯೋಗಕ್ಕೆಂದು ಬರೆದದ್ದು ಬಹುಶಃ ಇದೇ ಮೊದಲು.)

ನಾವು ಒಟ್ಟು ಎಂಟು ಜನ. ನಾನು, ನನ್ನ ಹೆಂಡತಿ, ಆರು ಮತ್ತು ಹನ್ನೊಂದು ವರ್ಷದ ನಮ್ಮ ಮಕ್ಕಳು, ತಮ್ಮನ ಸಂಸಾರದ ಮೂವರು ಹಾಗೂ 68 ವರ್ಷದ ನಮ್ಮ ತಾಯಿ. ತೋಟದ ಬಾವಿಯಲ್ಲಿ ಈಜು ಕಲಿತ ತಮ್ಮನನ್ನು ಬಿಟ್ಟರೆ ಯಾರಿಗೂ ಈಜು ಬಾರದು. ಅಮ್ಮನಿಗೆ ಮಂಡಿನೋವಿದೆ, ಆದರೂ ಅವರನ್ನು ಬಿಟ್ಟು ಹೋಗುವ ಮಾತನ್ನು ಮನೆಯಲ್ಲಿ ಆಡುವ ಧೈರ್ಯ ನನಗಂತೂ ಇಲ್ಲ.

ಏಜೆಂಟರು ಕಳುಹಿಸಿದ ಪಟ್ಟಿಯಲ್ಲಿ ಐದು ರಾತ್ರಿಗೆ ಒಂಬತ್ತು ದ್ವೀಪಗಳಿದ್ದು, ಎರಡನೇ ದಿನವೇ ಫಿ ಫಿ ದ್ವೀಪಕ್ಕೆ ಹೋಗುವುದೆಂದು ಬರೆದಿದೆ. ಇಷ್ಟು ಓಡಾಟ ಸರಿಯೇ? ಏಪ್ರಿಲ್‌ನಲ್ಲಿ ಗಾಳಿ ಹೇಗಿರುತ್ತದೆ? ನಾವು ಸಸ್ಯಾಹಾರಿಗಳಾದ್ದರಿಂದ ಊಟಕ್ಕೆ ಏನು ಮಾಡುವುದು? ಇದಕ್ಕೆಲ್ಲ ಲಕ್ಷದ್ವೀಪವೇ ಸಾಕಲ್ಲವೇ ಎಂದು ತಮ್ಮ ಕೇಳುತ್ತಿದ್ದಾನೆ. ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಕೋಲಾರದ ಹುಣಸೆಮರ ಉತ್ತರಿಸಿದ್ದು:

ಸರ್, ಆ ಪಟ್ಟಿಯಲ್ಲಿ ಮೊದಲು ಐದು ದ್ವೀಪಗಳನ್ನು ಹೊಡೆದುಹಾಕಿ. ಉಳಿದದ್ದನ್ನು ಆಮೇಲೆ ಮಾತನಾಡೋಣ. ನಾವು ಅದೇ ಕೊಲ್ಲಿಗೆ ಎರಡು ಬಾರಿ ಹೋಗಿದ್ದೇವೆ. ಮೊದಲ ಬಾರಿ, ಕೊಟ್ಟ ದುಡ್ಡಿಗೆ ಆದಷ್ಟು ದ್ವೀಪ ನೋಡಬೇಕೆಂಬ ಹಟದಿಂದ, ಬೇಡವೆಂದ, ದೋಣಿ ನಡೆಸುವ ಸ್ಕಿಪ್ಪರ್‌ನನ್ನು ಒಪ್ಪಿಸಿ ಎರಡನೇ ದಿನವೇ ಫಿ ಫಿಗೆ ಹೊರಟವನು ನಾನೇ. ಫುಕೆಟ್‌ನ ದಕ್ಷಿಣದ ಛಲೋಂಗ್ ಕೊಲ್ಲಿಯಿಂದ ಅಲ್ಲಿಗೆ ಸುಮಾರು 25 ನಾಟಿಕಲ್ ಮೈಲಿ, ಅಂದರೆ 46 ಕಿಲೋಮೀಟರ್. ಬಸ್ಸಿನಲ್ಲಿ ಕೋಲಾರದಿಂದ ಬೆಂಗಳೂರಿಗೆ ಹೋದಷ್ಟೂ ಆಗುವುದಿಲ್ಲವಲ್ಲ ಎಂದುಕೊಂಡಿದ್ದೆ. ಹಾಯಿದೋಣಿ ಗಂಟೆಗೆ ಐದಾರು ಮೈಲಿ ಸಾಗುತ್ತದೆ ಎಂಬುದನ್ನೂ, ಮರೆಯಿಲ್ಲದ ಕಡಲಿನಲ್ಲಿ ಐದು ಗಂಟೆ ಕುಲುಕಿದರೆ ಹೊಟ್ಟೆ ಏನು ಹೇಳುತ್ತದೆ ಎಂಬುದನ್ನೂ ಅಂದು ಕಲಿತೆ. ಆರು ಜನರಲ್ಲಿ ನಾಲ್ವರು ವಾಂತಿ ಮಾಡಿಕೊಂಡರು. ರಾತ್ರಿ ಲಂಗರು ಹಾಕಿದ ಮೇಲೂ, ಹಾದುಹೋಗುವ ವೇಗದೋಣಿಗಳ ಅಲೆಗೆ ನಮ್ಮ ದೋಣಿ ತೊಟ್ಟಿಲಿನಂತೆ ತೂಗುತ್ತಲೇ ಇತ್ತು.

ಎರಡನೇ ಬಾರಿ ಫುಕೆಟ್‌ನ ಈಶಾನ್ಯದಲ್ಲಿರುವ ಆವ್ ಪೊ ಎಂಬಲ್ಲಿಂದ ಹೊರಟೆವು. ಅಲ್ಲಿಂದ ಪನಕ್ ದ್ವೀಪಕ್ಕೆ ಎಂಟು ಮೈಲಿ, ನಂತರ ಹಾಂಗ್ ದ್ವೀಪ, ಆಮೇಲೆ ಯಾವ್ ನೋಯಿ. ಬೆಳಿಗ್ಗೆ ತಿಂಡಿ ಮುಗಿಸಿ ಲಂಗರು ಎತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಂದಿನ ಲಂಗರು. ಈ ಕೊಲ್ಲಿಗೆ ಮೂರು ಕಡೆಯೂ ನೆಲದ ಮರೆ ಇರುವುದರಿಂದ ನೀರು ಹೆಚ್ಚಾಗಿ ಕೆರೆಯಂತೆಯೇ ಇರುತ್ತದೆ.

ಮಕ್ಕಳಿಗೆ ಅಲ್ಲಿ ನಿಜವಾದ ಸೋಜಿಗವೆಂದರೆ ‘ಹಾಂಗ್’ಗಳು. ಥಾಯ್ ಭಾಷೆಯಲ್ಲಿ ಹಾಂಗ್ ಎಂದರೆ ಕೋಣೆ. ಸುಣ್ಣಕಲ್ಲಿನ ಗುಡ್ಡದೊಳಗೆ ನೀರು ಕೊರೆದ ಗವಿಯ ಚಾವಣಿ ಎಂದೋ ಕುಸಿದು, ಸುತ್ತ ಬಂಡೆಯ ಗೋಡೆ, ಮೇಲೆ ಆಕಾಶ, ಒಳಗೆ ನೀರು ಎಂಬಂತಾಗಿರುತ್ತದೆ. ಒಳಗೆ ಹೋಗಲು ಕಯಾಕ್ ಎಂಬ ಕಿರಿದಾದ ಹುಟ್ಟುದೋಣಿಯಲ್ಲಿ ಸುರಂಗ ದಾಟಬೇಕು. ನನ್ನ ಮಗಳು ಅಂಗಾತ ಮಲಗಿದ್ದಾಗ ಸಿಂಪಿಗಳು ಕಚ್ಚಿಕೊಂಡ ಬಂಡೆ ಅವಳ ಮೂಗಿನಿಂದ ಒಂದು ಗೇಣು ಮೇಲಿತ್ತು. ಅರ್ಧ ಗಂಟೆ ತಡವಾಗಿದ್ದರೆ ಉಬ್ಬರದ ನೀರು ಆ ಗೇಣನ್ನೂ ಮುಚ್ಚುತ್ತಿತ್ತು. ಆದ್ದರಿಂದ ಹಾಂಗ್‌ಗೆ ಹೋಗುವ ಹೊತ್ತನ್ನು ಉಬ್ಬರ ಇಳಿತದ ಪಟ್ಟಿ ನೋಡಿ ಸ್ಕಿಪ್ಪರ್ ನಿಗದಿ ಮಾಡಬೇಕೇ ಹೊರತು ನಾವಲ್ಲ.

ಒಂದು ಎಚ್ಚರಿಕೆ: ಕೊಲ್ಲಿಯ ಉತ್ತರ ಭಾಗದ ನೀರು ಚಿತ್ರಗಳಲ್ಲಿ ಕಾಣುವಂತೆ ನೀಲಿಯಲ್ಲ, ಕೆಸರು ತಳದ ಹಸಿರು ನೀರು. ತಿಳಿನೀರಿನ ಆಸೆಗೆ ಫಿ ಫಿ ಬೇಕೇ ಬೇಕೆಂದರೆ ಫುಕೆಟ್‌ನಿಂದ ಒಂದು ದಿನದ ಮಟ್ಟಿಗೆ ದೊಡ್ಡ ಫೆರಿಯಲ್ಲಿ ಹೋಗಿಬನ್ನಿ. ಅಲ್ಲಿನ ಮಾಯಾ ಕೊಲ್ಲಿಯನ್ನು ಹವಳದ ರಕ್ಷಣೆಗಾಗಿ 2018ರಲ್ಲಿ ಮುಚ್ಚಿ 2022ರಲ್ಲಿ ಮತ್ತೆ ತೆರೆದ ಮೇಲೆ, ದೋಣಿಗಳು ಕೊಲ್ಲಿಯೊಳಗೆ ಹೋಗುವಂತಿಲ್ಲ. ಹಿಂಬದಿಯಲ್ಲಿ ಇಳಿದು ನಡೆದು ಹೋಗಬೇಕು.

ನಂದಿ ತಪ್ಪಲು (ಚಿಕ್ಕಬಳ್ಳಾಪುರ) ಉತ್ತರಿಸಿದ್ದು:

ನಾನು ವ್ಯಾಪಾರಿ ಹಡಗುಗಳಲ್ಲಿ ಎಂಜಿನಿಯರನಾಗಿ ದುಡಿದು ನಿವೃತ್ತನಾಗಿ, ಈಗ ದ್ರಾಕ್ಷಿ ತೋಟ ನೋಡಿಕೊಂಡಿರುವವನು. ಕೋಲಾರದವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಸಂಸಾರ ಸಮೇತ ಹೋಗುವವರು ಹಾಯಿಯ ಬಗ್ಗೆ ಹತ್ತು ಪ್ರಶ್ನೆ ಕೇಳಿ ಲಂಗರಿನ ಬಗ್ಗೆ ಒಂದನ್ನೂ ಕೇಳುವುದಿಲ್ಲ. ಆದರೆ ದಿನದ ಹೆಚ್ಚು ಹೊತ್ತನ್ನು ನೀವು ಕಳೆಯುವುದು ಲಂಗರಿನ ಮೇಲೆಯೇ.

ಗಾಳಿಯ ವಿಷಯ ಹೇಳುತ್ತೇನೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಅಲ್ಲಿ ಈಶಾನ್ಯದ ಗಾಳಿ, ಅಂದರೆ ನಮಗೆ ಹಿಂಗಾರು ತರುವ ಮಾರುತವೇ, ಬೀಸುತ್ತದೆ. ಮೇ ತಿಂಗಳಿಂದ ನೈರುತ್ಯದ ಮುಂಗಾರು. ನಿಮ್ಮ ಏಪ್ರಿಲ್ ಇವೆರಡರ ನಡುವಿನ ಸಂಧಿಕಾಲವಾದ್ದರಿಂದ ಗಾಳಿ ಸೋತಿರುತ್ತದೆ, ಸೆಕೆ ವಿಪರೀತವಾಗಿರುತ್ತದೆ, ಬಹಳ ಹೊತ್ತು ಎಂಜಿನ್ ಹಚ್ಚಿಯೇ ಸಾಗಬೇಕಾಗುತ್ತದೆ. ಹಾಯಿಯ ಮೋಜು ಬಯಸುವವರಿಗೆ ಇದು ನಿರಾಶೆ; ಮೊದಲ ಬಾರಿಗೆ ಅಜ್ಜಿಯನ್ನು ಕರೆದೊಯ್ಯುವವರಿಗೆ ವರ. ಒಂದೇ ತೊಡಕೆಂದರೆ ಸಂಜೆಯ ಗುಡುಗು ಮಳೆ: ಅದರ ಮುಂಚೆ ಯಾವ ದಿಕ್ಕಿನಿಂದ ಬೇಕಾದರೂ ರಭಸದ ಗಾಳಿ ನುಗ್ಗಬಹುದಾದ್ದರಿಂದ, ದೋಣಿಯು ಲಂಗರಿನ ಸುತ್ತ ತಿರುಗಲು ಜಾಗವಿರುವಲ್ಲೇ ನಿಲ್ಲಬೇಕು. ಜನವರಿಯಲ್ಲಾದರೆ ಗುಡ್ಡದ ನೈರುತ್ಯ ಮಗ್ಗುಲಿನಲ್ಲಿ ಮರೆ ಹುಡುಕಿದರೆ ಸಾಕಿತ್ತು.

ಹೋರಿಯನ್ನು ಗೂಟಕ್ಕೆ ಗಿಡ್ಡ ಹಗ್ಗದಲ್ಲಿ ಕಟ್ಟಿದರೆ ಅದು ತಲೆ ಎತ್ತಿದಾಗ ಗೂಟವೇ ಕಿತ್ತು ಬರುತ್ತದೆ. ಉದ್ದ ಹಗ್ಗವಾದರೆ ಎಳೆತ ನೆಲದುದ್ದಕ್ಕೆ ಬಿದ್ದು ಗೂಟ ಅಲುಗುವುದಿಲ್ಲ. ಲಂಗರಿನದೂ ಇದೇ ನ್ಯಾಯ. ಇಳಿತದಲ್ಲಿ ಆಳ 5 ಮೀಟರ್ ಇದ್ದು, ಉಬ್ಬರಕ್ಕೆ ನೀರು ಎರಡೂವರೆ ಮೀಟರ್ ಏರುವುದಾದರೆ, ನೀರಿನಿಂದ ದೋಣಿಯ ಮೂತಿಯವರೆಗಿನ ಒಂದೂವರೆ ಮೀಟರನ್ನೂ ಸೇರಿಸಿ ಒಟ್ಟು 9 ಮೀಟರ್ ಆಯಿತು. ಅದರ ಐದರಷ್ಟು, ಅಂದರೆ 45 ಮೀಟರ್ ಸರಪಳಿ ಬಿಡಬೇಕು. ಬಿಟ್ಟ ಮೇಲೆ ಎಂಜಿನನ್ನು ಹಿಮ್ಮುಖವಾಗಿ ಓಡಿಸಿ ಲಂಗರು ಕಚ್ಚಿತೇ ಎಂದು ಪರೀಕ್ಷಿಸಬೇಕು. ನಿಮ್ಮ ಹನ್ನೊಂದು ವರ್ಷದ ಮಗುವಿಗೆ ಇದೇ ಕೆಲಸ ಕೊಡಿ: ದಡದ ಒಂದು ಮರ ಮತ್ತು ಅದರ ಹಿಂದಿನ ಬಂಡೆ ಒಂದೇ ಗೆರೆಯಲ್ಲಿ ನಿಂತಿವೆಯೇ, ಸರಿಯುತ್ತಿವೆಯೇ ಎಂದು ನೋಡಿ ಹೇಳಲಿ. ಕೊಲ್ಲಿಯ ಕೆಸರು ತಳದಲ್ಲಿ ಲಂಗರು ಚೆನ್ನಾಗಿ ಹಿಡಿಯುತ್ತದೆ. ಹವಳವಿರುವಲ್ಲಿ ಮಾತ್ರ ಲಂಗರು ಹಾಕದೆ, ಕಟ್ಟಲೆಂದೇ ತೇಲಿಬಿಟ್ಟ ಬುರುಡೆಗಳಿಗೆ ಹಗ್ಗ ಬಿಗಿಯಬೇಕು.

ದೋಣಿ ಕ್ಯಾಟಮರಾನ್ ಆಗಿರಲಿ. ಎರಡು ಒಡಲುಗಳಿರುವ ಅದು ಒಂದು ಮಗ್ಗುಲಿಗೆ ವಾಲುವುದಿಲ್ಲ. ಸ್ಕಿಪ್ಪರ್ ಇಲ್ಲದೆ ಹೊರಡುವ ಮಾತೇ ಬೇಡ. ಮಕ್ಕಳ ತೂಕಕ್ಕೆ ಹೊಂದುವ ಲೈಫ್ ಜಾಕೆಟ್‌ಗಳಿವೆಯೇ ಎಂದು ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ನನ್ನ ಮೊಮ್ಮಗನಿಗೆ ಒಬ್ಬರು ದೊಡ್ಡವರ ಜಾಕೆಟ್ಟನ್ನೇ ಬಿಗಿದು ಕಟ್ಟಿಕೊಟ್ಟಿದ್ದರು, ನೀರಿಗಿಳಿದ ಕೂಡಲೇ ಅದು ತಲೆಯ ಮೇಲಕ್ಕೆ ಸರಿಯಿತು.

ನಿಮ್ಮ ತಮ್ಮನವರ ಪ್ರಶ್ನೆಗೆ: ಲಕ್ಷದ್ವೀಪದ 36 ದ್ವೀಪಗಳಲ್ಲಿ ಜನವಸತಿಯಿರುವುದು ಹತ್ತರಲ್ಲಿ ಮಾತ್ರ, ಪ್ರವೇಶಕ್ಕೆ ಪರವಾನಗಿ ಬೇಕು, ಮತ್ತು ಬಹುಪಾಲು ದ್ವೀಪಗಳ ನಡುವೆ ಹತ್ತಾರು ಕಿಲೋಮೀಟರ್ ತೆರೆದ ಅರಬ್ಬಿ ಸಮುದ್ರವಿದೆ. ನೋಡಲೇಬೇಕಾದ ಜಾಗ ಹೌದು, ಆದರೆ ಒಂದು ದ್ವೀಪದಿಂದ ಕಣ್ಣಿಗೆ ಕಾಣುವ ಇನ್ನೊಂದಕ್ಕೆ ಜಿಗಿಯುವ ಪ್ರವಾಸ ಅಲ್ಲಿ ಆಗುವುದಿಲ್ಲ.

ಕ್ಯಾತ್ಸಂದ್ರದ ಅಕ್ಕ ಉತ್ತರಿಸಿದ್ದು:

ಲಂಗರು, ಗಾಳಿ ಎಲ್ಲ ಆಯಿತು. ಅಮ್ಮನ ಮಂಡಿಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆವು. ದೊಡ್ಡ ದೋಣಿಯಲ್ಲಿ ಅವರಿಗೆ ಏನೂ ತೊಂದರೆಯಾಗಲಿಲ್ಲ. ಕಷ್ಟವಿದ್ದದ್ದು ದಡಕ್ಕೆ ಹೋಗುವ ಡಿಂಗಿ ಎಂಬ ಪುಟ್ಟ ರಬ್ಬರ್ ದೋಣಿಗೆ ಇಳಿಯುವುದರಲ್ಲಿ ಮತ್ತು ದಡ ಮುಟ್ಟಿದ ಮೇಲೆ ಮೊಣಕಾಲುದ್ದ ನೀರಿಗೆ ಕಾಲಿಡುವುದರಲ್ಲಿ. ಮೊದಲ ದಿನ ಸೀರೆಯಲ್ಲೇ ಇಳಿದರು. ನೆನೆದ ಸೀರೆ ಕಾಲಿಗೆ ಸುತ್ತಿಕೊಂಡು ಇಬ್ಬರು ಹಿಡಿದೆತ್ತಬೇಕಾಯಿತು. ಮರುದಿನದಿಂದ ಸೊಸೆಯ ಚೂಡಿದಾರ್ ತೊಟ್ಟು ಹಾಯಾಗಿದ್ದರು. ದಿನಕ್ಕೆ ಒಮ್ಮೆ ಮಾತ್ರ ದಡಕ್ಕೆ ಕರೆದೊಯ್ಯಿರಿ, ಅದೂ ಉಬ್ಬರದ ಹೊತ್ತಿನಲ್ಲಿ; ಇಳಿತದಲ್ಲಾದರೆ ಕೆಸರಿನಲ್ಲಿ ಬಹಳ ದೂರ ನಡೆಯಬೇಕಾಗುತ್ತದೆ.

ವಾಂತಿಯ ಮಾತ್ರೆಯನ್ನು ನಿಮ್ಮ ವೈದ್ಯರನ್ನು ಕೇಳಿಯೇ ಕೊಡಿ, ಅದೂ ಹೊರಡುವ ಮೊದಲೇ. ತಲೆ ಸುತ್ತಿದ ಮೇಲೆ ನುಂಗಿಸಿ ಪ್ರಯೋಜನವಿಲ್ಲ. ಒಳಗಿನ ಕೋಣೆಯಲ್ಲಿ ಮೊಬೈಲ್ ನೋಡುತ್ತಾ ಕೂತ ಮಕ್ಕಳಿಗೇ ಮೊದಲು ಹೊಟ್ಟೆ ತೊಳಸುವುದು.

ನೀರಿನ ಲೆಕ್ಕ ಕೇಳಿ. ತೊಟ್ಟಿಯಲ್ಲಿ 600 ಲೀಟರ್ ಇದೆಯೆಂದರೆ ಎಂಟು ಜನಕ್ಕೆ ಐದು ದಿನಕ್ಕೆ ಹಂಚಿದಾಗ ತಲೆಗೆ ದಿನಕ್ಕೆ 15 ಲೀಟರ್, ಸ್ಕಿಪ್ಪರ್ ಸೇರಿದರೆ ಇನ್ನೂ ಕಡಿಮೆ. ಒಂದು ಬಿಂದಿಗೆ ಎಂದುಕೊಳ್ಳಿ. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಲ್ಲಿನ ತರಕಾರಿ ಪಲ್ಯಕ್ಕೂ ಮೀನಿನ ರಸ ಬೀಳುತ್ತದೆ. ‘ಜೇ’ ಎಂದು ಹೇಳಿದರೆ ಮೀನು, ಮಾಂಸ, ಮೊಟ್ಟೆ ಯಾವುದೂ ಬೇಡವೆಂದು ಅವರಿಗೆ ತಿಳಿಯುತ್ತದೆ. ಹುರಿಹಿಟ್ಟು, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ತೆಗೆದುಕೊಂಡು ಹೋಗಿ. ಹುರಿಹಿಟ್ಟಿಗೆ ಒಲೆಯೇ ಬೇಡ, ಬೆಲ್ಲ ಮತ್ತು ಅಲ್ಲಿ ಧಾರಾಳವಾಗಿ ಸಿಗುವ ತೆಂಗಿನಕಾಯಿ ಸಾಕು. ಒಲೆ ಹಚ್ಚುವುದಾದರೆ ಲಂಗರು ಹಾಕಿದ ಮೇಲೆ ಹಚ್ಚಿ, ಅಡುಗೆ ಮುಗಿದ ಕೂಡಲೇ ಗ್ಯಾಸನ್ನು ಸಿಲಿಂಡರಿನಲ್ಲೇ ನಿಲ್ಲಿಸಿ. ಗ್ಯಾಸ್ ಗಾಳಿಗಿಂತ ಭಾರವಾದದ್ದು. ಮನೆಯಲ್ಲಾದರೆ ಬಾಗಿಲಿನಿಂದ ಹೊರಗೆ ಹರಿದು ಹೋಗುತ್ತದೆ, ದೋಣಿಯಲ್ಲಿ ತಳದಲ್ಲೇ ತುಂಬಿಕೊಂಡು ಕಿಡಿಗಾಗಿ ಕಾಯುತ್ತದೆ.

ಏಪ್ರಿಲ್ 13ರಿಂದ 15ರವರೆಗೆ ಅಲ್ಲಿ ಸೊಂಕ್ರಾನ್ ಹಬ್ಬ. ಹೆಸರು ನಮ್ಮ ಸಂಕ್ರಾಂತಿಯದೇ, ಆಚರಣೆ ಮಾತ್ರ ನೀರೆರಚುವುದು. ಆ ದಿನಗಳಲ್ಲಿ ಬೀದಿಗಿಳಿದರೆ ಯಾರೂ ಒಣಗಿ ಉಳಿಯುವುದಿಲ್ಲ.

ಅಮಾನಿಕೆರೆ ಏರಿ ಬರೆದದ್ದು:

ಮೂವರಿಗೂ ಅನಂತ ಧನ್ಯವಾದಗಳು. ಫಿ ಫಿ ಮತ್ತು ಇನ್ನೂ ನಾಲ್ಕು ದ್ವೀಪಗಳನ್ನು ಕೈಬಿಟ್ಟು, ಎರಡು ಕಡೆ ಎರಡೆರಡು ರಾತ್ರಿ ನಿಲ್ಲುವಂತೆ ಪಟ್ಟಿಯನ್ನು ತಿದ್ದಿಸಿದ್ದೇನೆ. ಚೂಡಿದಾರ್ ವಿಷಯವನ್ನು ಅಮ್ಮನಿಗೆ ಹೇಳುವ ಹೊಣೆಯನ್ನು ತಮ್ಮನ ಹೆಂಡತಿ ಹೊತ್ತಿದ್ದಾಳೆ. ಕೊನೆಯದಾಗಿ ಒಂದು ಪ್ರಶ್ನೆ: ಗೊಜ್ಜನ್ನು ವಿಮಾನದಲ್ಲಿ ಬಿಡುತ್ತಾರೆಯೇ?

ಕೋಲಾರದ ಹುಣಸೆಮರ ಉತ್ತರಿಸಿದ್ದು:

ಕೈಚೀಲದಲ್ಲಿ ಬಿಡುವುದಿಲ್ಲ ಸರ್, ಗೊಜ್ಜನ್ನೂ ದ್ರವದ ಲೆಕ್ಕಕ್ಕೇ ಹಿಡಿಯುತ್ತಾರೆ. ಎರಡು ಪ್ಲಾಸ್ಟಿಕ್ ಕವರುಗಳಲ್ಲಿ ಬಿಗಿಯಾಗಿ ಕಟ್ಟಿ, ಲಗೇಜಿಗೆ ಹಾಕುವ ದೊಡ್ಡ ಚೀಲದ ನಡುವೆ ಇಡಿ. ಅಮ್ಮನವರ ಸೀರೆಯ ಪಕ್ಕದಲ್ಲಿ ಮಾತ್ರ ಇಡಬೇಡಿ.