ಅಬಾರ್ತ್ ಪುಂಟೊ ಇಟ್ಕೊಳ್ಳೋದಾ, ಕೊಟ್ಟುಬಿಡೋದಾ? ಹತ್ತು ವರ್ಷ ತುಂಬ್ತಾ ಇದೆ, ಮನಸ್ಸು ಒಪ್ತಾ ಇಲ್ಲ

ಕೋಥ್ರುಡ್ ಮಲೆನಾಡಿಗ:

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ತಲೆ ತಿಂತಾ ಇರೋ ವಿಷಯ, ಮನೇಲಿ ಏನೇ ಮಾತು ಶುರುವಾದ್ರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತೆ, ಅದಕ್ಕೆ ಗಾಡಿ ಗೊತ್ತಿರೋರ ಹತ್ರ ಕೇಳೋಣ ಅಂತ ಬರೀತಾ ಇದೀನಿ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಹತ್ರ 2016ರ ಫಿಯೆಟ್ ಅಬಾರ್ತ್ ಪುಂಟೊ ಇದೆ. ಬಿಳಿ ಬಣ್ಣ, ಪಕ್ಕದಲ್ಲಿ ಕೆಂಪು ಪಟ್ಟಿ, 91 ಸಾವಿರ ಕಿಲೋಮೀಟರ್ ಆಗಿದೆ, ಮೊದಲಿಂದ್ಲೂ ನಾನೊಬ್ಬನೇ ಓಡಿಸಿದ್ದು. 1.4 ಟಿ-ಜೆಟ್ ಟರ್ಬೊ ಪೆಟ್ರೋಲ್, 145 ಬಿಎಚ್‌ಪಿ, 212 ನ್ಯೂಟನ್ ಮೀಟರ್ ಟಾರ್ಕ್. 2015ರ ಅಕ್ಟೋಬರ್‌ನಲ್ಲಿ ಲಾಂಚ್ ಆದಾಗ ಎಕ್ಸ್‌ಶೋರೂಮ್ ಹತ್ತು ಲಕ್ಷದ ಒಳಗೆ ಇತ್ತು, ಆ ದುಡ್ಡಿಗೆ ಅಷ್ಟು ಪವರ್ ಇರೋ ಬೇರೆ ಹ್ಯಾಚ್‌ಬ್ಯಾಕ್ (ಸಣ್ಣ ಕಾರು) ಇರ್ಲಿಲ್ಲ. ಇದು ತಯಾರಾಗಿದ್ದು ಇಲ್ಲೇ ಪುಣೆ ಹತ್ರ ನಮ್ಮ ರಾಂಜಣಗಾಂವ್ ಫ್ಯಾಕ್ಟರೀಲಿ. ಡೆಲಿವರಿ ತಗೊಂಡ ದಿನ ಸೀದಾ ನಗರ ರೋಡ್ ಹಿಡಿದು ರಾಂಜಣಗಾಂವ್ ಮಹಾಗಣಪತಿ ದೇವಸ್ಥಾನಕ್ಕೇ ಹೋಗಿ ಪೂಜೆ ಮಾಡಿಸಿದ್ವಿ, ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೋರು ನಮ್ಮಪ್ಪ. ಅವರು ಈಗಿಲ್ಲ. ಈ ಮಾತನ್ನ ಯಾಕೆ ಹೇಳ್ದೆ ಅಂದ್ರೆ ನನ್ನ ಲೆಕ್ಕಾಚಾರದಲ್ಲಿ ಇದೂ ಸೇರಿಕೊಂಡಿದೆ, ಮುಚ್ಚಿಟ್ಟು ಕೇಳಿದ್ರೆ ನೀವು ಕೊಡೋ ಉತ್ತರ ನನಗೆ ಉಪಯೋಗಕ್ಕೆ ಬರಲ್ಲ.

ಇನ್ನು ಎಂಜಿನ್. 2000 ಆರ್‌ಪಿಎಂ ಕೆಳಗೆ ಇದು ಸಾದಾ ಗಾಡಿ, ಕರ್ವೆ ರೋಡ್ ಟ್ರಾಫಿಕ್‌ನಲ್ಲಿ ಕ್ಲಚ್ ಭಾರಕ್ಕೆ ಎಡಗಾಲು ನೋಯುತ್ತೆ ಅಷ್ಟೇ. ಆದ್ರೆ ಘಾಟಿನ ತಿರುವಲ್ಲಿ ಎರಡನೇ ಗೇರ್‌ಗೆ ಹಾಕಿ ಆಕ್ಸಿಲರೇಟರ್ ಒತ್ತಿದ್ರೆ ಮೊದಲು ಏನೂ ಆಗಲ್ಲ, ಮುಳ್ಳು 2000 ದಾಟ್ತಾ ಇದ್ದಂಗೆ ಬಾನೆಟ್ ಒಳಗಿಂದ ಸುಯ್ ಅಂತ ಒಂದು ಉಸಿರು ಕೇಳುತ್ತೆ, ಆಮೇಲೆ ಬೆನ್ನು ಸೀಟಿಗೆ ಒತ್ಕೊಳ್ಳುತ್ತೆ, ಸ್ಟೇರಿಂಗ್ ಕೈಯಲ್ಲಿ ಸಣ್ಣಗೆ ಎಳೆಯುತ್ತೆ. ಹೈಡ್ರಾಲಿಕ್ ಸ್ಟೇರಿಂಗ್ ಆಗಿರೋದ್ರಿಂದ ರಸ್ತೆ ಎಲ್ಲಿ ನುಣುಪು ಎಲ್ಲಿ ಒರಟು ಅಂತ ಅಂಗೈಗೆ ತಿಳಿಯುತ್ತೆ. ಭಾನುವಾರ ಬೆಳಿಗ್ಗೆ ಐದೂವರೆಗೆ ಎದ್ದು ತಾಮ್ಹಿಣಿ ಘಾಟ್ ತನಕ ಹೋಗಿ ಒಂದು ಚಹಾ ಕುಡಿದು ವಾಪಸ್ ಬಂದ್ರೆ ಇಡೀ ವಾರ ಆಫೀಸ್ ಸಹಿಸ್ಕೋಬಹುದು, ಇದು ನನ್ನ ಹತ್ತು ವರ್ಷದ ಅಭ್ಯಾಸ. ಮಗಳಿಗೆ ಆರು ವರ್ಷ, ಚಕ್ರದ ನಡುವೆ ಚೇಳಿನ ಗುರುತು ಇದೆಯಲ್ಲ, ಅದಕ್ಕೆ ಅವಳು ಗಾಡೀನೇ ಚೇಳು ಅಂತ ಕರೀತಾಳೆ.

ಈಗ ತೊಂದರೆ. ಹೋದ ಗಣೇಶ ಹಬ್ಬಕ್ಕೆ ಶಿವಮೊಗ್ಗಕ್ಕೆ ಹೊರಟಿದ್ವಿ, ಅಮ್ಮ, ಹೆಂಡತಿ, ಮಗಳು ಎಲ್ಲ ಇದ್ರು. ಖಂಬಾಟ್ಕಿ ಘಾಟ್ ಹತ್ತುವಾಗ ಟೆಂಪರೇಚರ್ ಏರೋಕೆ ಶುರುವಾಯ್ತು, ತಕ್ಷಣ ಬದಿಗೆ ಹಾಕಿ ಎಂಜಿನ್ ಬಂದ್ ಮಾಡ್ದೆ. ನೋಡಿದ್ರೆ ಎಂಜಿನ್ ತಂಪು ಮಾಡೋ ದ್ರವದ (ಕೂಲಂಟ್) ಪೈಪ್ ಒಂದು ಕ್ಲಾಂಪ್ ಹತ್ರ ಸೀಳಿತ್ತು, ರಬ್ಬರ್ ಬೆರಳಲ್ಲಿ ಒತ್ತಿದ್ರೆ ಒಣ ಹಪ್ಪಳದ ಥರ ಆಗಿತ್ತು, ಹತ್ತು ವರ್ಷದ ಬಿಸಿ ಅಲ್ವಾ. ಲಾರಿಗಳು ಕಿವಿ ಪಕ್ಕದಲ್ಲಿ ಹತ್ತಿಕೊಂಡು ಹೋಗ್ತಾ ಇದ್ವು, ಮೂವರನ್ನೂ ಗೋಡೆ ಆಚೆ ನಿಲ್ಲಿಸಿ ಎರಡೂವರೆ ಗಂಟೆ ಟೋಯಿಂಗ್ ಗಾಡಿಗೆ ಕಾದ್ವಿ. ಸಾತಾರಾದಲ್ಲಿ ಬಿಟ್ಟು ಬಾಡಿಗೆ ಕಾರಲ್ಲಿ ಊರಿಗೆ ಹೋದ್ವಿ. ಆ ಪೈಪ್ ಸಿಗೋಕೆ ಹನ್ನೊಂದು ದಿನ ಆಯ್ತು. ಹೆಂಡತಿ ಮಾರು ಅಂತ ಒಂದು ದಿನವೂ ಹೇಳಿಲ್ಲ, ಆದ್ರೆ ಹೈವೇಗೆ ಇದರಲ್ಲಿ ನಾನು ಬರಲ್ಲ ಅಂದಿದಾಳೆ. ಅಮ್ಮನಿಗೆ ಮಂಡಿ ನೋವು, ಸೀಟು ತಗ್ಗು ಇರೋದ್ರಿಂದ ಕೂರೋದೂ ಕಷ್ಟ ಏಳೋದೂ ಕಷ್ಟ.

ಫಿಯೆಟ್ ಇಲ್ಲಿಂದ ಹೋಗಿ ವರ್ಷಗಳಾದ್ವು. ಮೇಲಿಂದ ಈಗ ಬಂಕಲ್ಲೆಲ್ಲ ಇ20 (20 ಪರ್ಸೆಂಟ್ ಎಥೆನಾಲ್ ಬೆರೆಸಿದ) ಪೆಟ್ರೋಲ್, ನನ್ನ ಗಾಡಿ ಅದಕ್ಕೆ ಮಾಡಿದ್ದಲ್ಲ. ಟೈಮಿಂಗ್ ಬೆಲ್ಟ್ (ಎಂಜಿನ್ ಒಳಗೆ ವಾಲ್ವ್ ಪಿಸ್ಟನ್ ಎರಡನ್ನೂ ಒಂದೇ ತಾಳಕ್ಕೆ ಓಡಿಸೋ ಪಟ್ಟಿ) ಒಂದು ಸಲ 2020ರಲ್ಲಿ ಬದಲಾಯಿಸಿದ್ದು, ಮತ್ತೆ ಮಾಡಿಸ್ಬೇಕು. ಒಬ್ಬ ಡೀಲರ್ 3 ಲಕ್ಷದ 20 ಸಾವಿರ ಕೊಡ್ತೀನಿ ಅಂತಿದಾನೆ. ಬದಲಿಗೆ ನೋಡಿರೋದು ಫೋಕ್ಸ್‌ವ್ಯಾಗನ್ ಟೈಗುನ್ 1.5 ಟಿಎಸ್‌ಐ ಮ್ಯಾನುವಲ್ (150 ಪಿಎಸ್, 250 ನ್ಯೂಟನ್ ಮೀಟರ್), ಇಲ್ಲಾಂದ್ರೆ ಹ್ಯುಂಡೈ ಐ20 ಎನ್ ಲೈನ್. ಐ20ದು ಒಂದು ಲೀಟರ್ ಟರ್ಬೊ ಎಂಜಿನ್, 120 ಪಿಎಸ್, 2025ರ ಸೆಪ್ಟೆಂಬರ್‌ನಲ್ಲಿ ಸಣ್ಣ ಗಾಡಿಗಳ ಜಿಎಸ್‌ಟಿ 18 ಪರ್ಸೆಂಟ್‌ಗೆ ಇಳಿದ ಮೇಲೆ ಬೆಲೆಯೂ ಪರವಾಗಿಲ್ಲ, ಆದ್ರೆ ಅಮ್ಮನ ಮಂಡಿಗೆ ಅದೂ ತಗ್ಗೇ. ಸೊಸೈಟೀಲಿ ಪಾರ್ಕಿಂಗ್ ಒಂದೇ. ಏನ್ ಮಾಡ್ಲಿ?

ನಿಪ್ಪಾಣಿ ಟರ್ಬೊ:

ಸರ್ ನಮಸ್ಕಾರ್ರಿ. ನಾ ಚಿಂಚವಡದಾಗ ಇರ್ತೀನಿ, ನನ್ನ ಕಡೆ ಲಿನಿಯಾ ಟಿ-ಜೆಟ್ ಐತ್ರಿ, 2011ರ ಗಾಡಿ, 1 ಲಕ್ಷ 62 ಸಾವಿರ ಓಡೇತಿ, ಎಂಜಿನ್ ಇನ್ನೂ ಒಮ್ಮೆನೂ ಬಿಚ್ಚಿಲ್ಲ. ನಿಮ್ಮ ಪೋಸ್ಟ್ ಓದಿ ಒಂದು ಮಾತು ಹೇಳ್ಬೇಕು ಅನಿಸ್ತು, ನಿಮ್ಮ ಗಾಡಿ ಕೆಟ್ಟಿಲ್ರಿ, ಅದರ ರಬ್ಬರ್‌ಗೆ ವಯಸ್ಸಾಗೇತಿ. ಎರಡೂ ಬ್ಯಾರೆ ಬ್ಯಾರೆ.

ನಿಮ್ದೂ ನಂದೂ ಒಂದ ಮನಿ ಎಂಜಿನ್, 1368 ಸಿಸಿ. ನಂದು 114 ಪಿಎಸ್ ಅಷ್ಟ. ಹಂಗಾಗಿ ಬೆಲ್ಟ್ ಕಿಟ್, ವಾಟರ್ ಪಂಪ್, ಥರ್ಮೋಸ್ಟ್ಯಾಟ್, ಪ್ಲಗ್ಗು, ಕಾಯಿಲ್ ಇವೆಲ್ಲ ಸ್ವಲ್ಪ ಹುಡುಕಿದ್ರ ಸಿಗ್ತಾವ್ರಿ. ಸಿಗಲಾರ್ದ್ದು ಯಾವ್ದು ಅಂದ್ರ ಬಾಡಿ ಸಾಮಾನು. ಹೆಡ್‌ಲೈಟ್, ಬಂಪರ್, ಟೇಲ್ ಲ್ಯಾಂಪ್. ಎಲ್ಲೆರ ಯಾರರ ಪುಂಟೊ ಸ್ಕ್ರ್ಯಾಪ್‌ಗೆ ಹಾಕಾಕತ್ತಾರ ಅಂತ ಸುದ್ದಿ ಸಿಕ್ರ ಲೈಟ್ ಜೋಡಿ ತಂದು ಅಟ್ಟದ ಮ್ಯಾಲೆ ಇಡ್ರಿ. ನಾ ಹಂಗ ಇಟ್ಟೀನಿ.

ಈಗ ತಡಾ ಮಾಡಬಾರದ ಕೆಲಸ ಬೆಲ್ಟ್. ಕಿಲೋಮೀಟರ್ ಆಗಿಲ್ಲ ಅಂತ ಕುಂದ್ರಬ್ಯಾಡ್ರಿ, ನಾ ಐದು ವರ್ಷಕ್ಕ ಒಮ್ಮೆ ಬದಲಿ ಮಾಡ್ಸ್ತೀನಿ, ನಿಮ್ದು ಅದನ್ನೂ ದಾಟೇತಿ. ಈ ಎಂಜಿನ್‌ನಾಗ ಬೆಲ್ಟ್ ಹರೀತಂದ್ರ ವಾಲ್ವ್ ಕೆಳಗ ನಿಂತಿರ್ತಾವು, ಪಿಸ್ಟನ್ ಮ್ಯಾಲೆ ಬಂದು ಬಡೀತಾವು, ಆಮ್ಯಾಲೆ ಹೆಡ್ ಕೆಲಸ, ಅದು ಆದ್ರ ನಿಮ್ಮ ಗಾಡಿ ಕಿಮ್ಮತ್ತಿನ ಅರ್ಧ ದುಡ್ಡು ಹೋದಂಗ. ಬೆಲ್ಟ್ ಜೋಡಿ ಟೆನ್ಶನರ್ ಮತ್ತ ವಾಟರ್ ಪಂಪ್ ಕೂಡೇ ಹಾಕ್ಸ್ರಿ, ಬಿಚ್ಚೂ ಮಜೂರಿ ಒಂದ ಸಲ. ಕೂಲಂಟ್ ಪೈಪ್ ಒಂದ ಬದಲಿ ಮಾಡ್ಸೀರಿ ಅಂತ ಕಾಣ್ತೈತಿ, ಉಳಿದ ಪೈಪಿಗೂ ಅಷ್ಟ ವಯಸ್ಸಾಗೇತಿ ಹೌದಲ್ರಿ? ಎಲ್ಲಾ ಒಮ್ಮೆ ತಗಸ್ರಿ.

ಇ20 ಬಗ್ಗೆ ಭಾಳ ಹೆದರಬ್ಯಾಡ್ರಿ. ಮೈಲೇಜ್ ಸ್ವಲ್ಪ ಬೀಳ್ತೈತಿ, ಖರೆ. ಎಥೆನಾಲ್ ಹಳೇ ರಬ್ಬರ್ ತಿಂತೈತಿ, ಅದಕ್ಕ ಫ್ಯೂಲ್ ಹೋಸ್, ಓ-ರಿಂಗ್ ಹೊಸಾವು ಹಾಕಸ್ರಿ. ಇನ್ನೊಂದು, ಎಥೆನಾಲ್ ಗಾಳಿಯಾಗಿನ ನೀರು ಎಳಕೋತೈತಿ, ತಿಂಗಳಗಟ್ಟಲೆ ಗಾಡಿ ನಿಲ್ಲಸೂದಿದ್ರ ಅದಕ್ಕೂ ಮೊದಲ ಇಂಡಿಯನ್ ಆಯಿಲ್‌ದ ಎಕ್ಸ್‌ಪಿ100 ಪೆಟ್ರೋಲ್ ತುಂಬಸ್ರಿ, ಅದರಾಗ ಎಥೆನಾಲ್ ಇಲ್ಲ. ಭಾಳ ತುಟ್ಟಿ, ದಿನಾ ಹಾಕೂದು ಆಗಂಗಿಲ್ಲ. ಘಾಟ್ ಹತ್ತಿದ ಮ್ಯಾಲೆ ಒಂದು ನಿಮಿಷ ಐಡಲ್ ಬಿಟ್ಟು ಬಂದ್ ಮಾಡ್ರಿ, ಟರ್ಬೊಕ್ಕ ಆಯಿಲ್ ಸಿಗ್ತಿರ್ಲಿ.

ಕೊಡೂದ ಇದ್ರ ಮೊದಲ ನನಗ ಹೇಳ್ರಿ. ಡೀಲರ್‌ಗೆ ಕೊಡಬ್ಯಾಡ್ರಿ.

ಡೊಂಬಿವ್ಲಿ ಪಾಲಿಯೊ:

ನಾನು ಸ್ವಲ್ಪ ಬೇರೆ ಹೇಳ್ತೇನೆ, ಬೇಜಾರು ಮಾಡ್ಬೇಡಿ. ನನ್ನ ಹತ್ರ ಪಾಲಿಯೊ 1.6 ಇತ್ತು, ನಮ್ಮ ಮುಂಬಯಿ ಕುರ್ಲಾದಲ್ಲಿ ಆದ ಗಾಡಿ, ನೂರು ಕುದುರೆ ಶಕ್ತಿ. ಆ ಕಾಲಕ್ಕೆ ಅದೇ ನಮ್ಮ ಹಾಟ್ ಹ್ಯಾಚ್, ಅಂದ್ರೆ ಜೋರು ಓಡುವ ಸಣ್ಣ ಗಾಡಿ ಮಾರಾಯ್ರೆ. ಉಡುಪಿಗೆ ಹೋಗುವಾಗ ಅಂಬೋಲಿ ಇಳಿದು ಸಾವಂತವಾಡಿ ಮೇಲೆ ಹೋಗ್ತಿದ್ದೆ, ಬೇಕಂತಲೇ, ಆ ರಸ್ತೆಗೋಸ್ಕರ.

ಕೊಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ಹೊಸ ಗಾಡಿ ತಗೊಂಡೆ, ಇದನ್ನು ಬಿಲ್ಡಿಂಗ್ ಹಿಂದೆ ತೆರೆದ ಜಾಗದಲ್ಲಿ ನಿಲ್ಲಿಸಿದೆ, ವಾರಕ್ಕೊಮ್ಮೆ ಓಡಿಸುವ ಅಂತ. ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಬ್ಯಾಟರಿ ಸತ್ತಿತು, ಹೊಸತು ಹಾಕುವ ಅಂತ ಹೇಳಿ ಮಳೆಗಾಲ ಬಂತು. ಎರಡು ಮಳೆಗಾಲ ಕಳೀತು. ಒಂದಿನ ಬಾಗಿಲು ತೆಗ್ದು ಕಾರ್ಪೆಟ್ ಎತ್ತಿದ್ರೆ ಅಡಿಯ ತಗಡು ತುಕ್ಕು ಹಿಡಿದು ಬೆರಳು ಹಾಕಿದ್ರೆ ನೆಲ ಕಾಣ್ತದೆ, ಇಲಿ ವೈರಿಂಗ್ ಪೂರಾ ಕಡಿದು ಡ್ಯಾಶ್‌ಬೋರ್ಡ್ ಹಿಂದೆ ಗೂಡು ಮಾಡಿದೆ. ಕೊನೆಗೆ ಗುಜರಿಯವ ಕ್ರೇನ್ ತಂದು ಎತ್ತಿಕೊಂಡು ಹೋದ. ಪ್ರೀತಿ ಇತ್ತು ಅಂತ ಇಟ್ಟುಕೊಂಡೆ, ಇಟ್ಟುಕೊಂಡು ಕೊಂದೆ. ಎಂಜಿನ್ ಮಾತ್ರ ಚೆನ್ನಾಗೇ ಇತ್ತು, ಅದು ನನಗೆ ಇವತ್ತಿಗೂ ಸಂಕಟ.

ಅದಕ್ಕೆ ನನ್ನ ಮಾತು ಇಷ್ಟೇ, ಓಡಿಸ್ತೀರಾದ್ರೆ ಇಡಿ. ನಿಮ್ಮ ಆ ಭಾನುವಾರದ ತಾಮ್ಹಿಣಿ ನಿಂತಿತು ಅಂತಾದ್ರೆ ಮರುದಿನವೇ ಮೇಲೆ ಬರೆದ ನಿಪ್ಪಾಣಿಯವರಂಥವರಿಗೆ ಕೊಡಿ, ಗಾಡಿ ಜೀವಂತ ಇರುವಾಗಲೇ.

ಹಿಂಜವಡಿ ಅಮ್ಮ:

ಸರ್, ನಾನು ಮೂರು ವರ್ಷದಿಂದ ಟೈಗುನ್ 1.5 ಮ್ಯಾನುವಲ್ ಓಡಿಸ್ತಾ ಇದೀನಿ, ಅದಕ್ಕೆ ಮುಂಚೆ ಪೋಲೋ ಇತ್ತು, ಎರಡೂ ನಮ್ಮ ಚಾಕಣ್ ಗಾಡಿಗಳೇ. ಎಂಜಿನ್ ಬಗ್ಗೆ ನೀವು ಬರೆದಿದ್ದು ನನಗೆ ಚೆನ್ನಾಗಿ ಅರ್ಥ ಆಗುತ್ತೆ. ಟೈಗುನ್ 1600ರಿಂದಲೇ ಎಳೆಯುತ್ತೆ, ಯಾವ ಗೇರಲ್ಲಿದ್ರೂ ಹೋಗುತ್ತೆ, ನಿಮ್ಮ ಅಬಾರ್ತ್‌ಗಿಂತ ಜೋರಾಗೇ ಹೋಗಬಹುದು, ಆದ್ರೆ ಆ ಕಾಯೋದು, ಆಮೇಲೆ ಒಮ್ಮೆಲೇ ಬರೋದು, ಅದು ಇದರಲ್ಲಿ ಇಲ್ಲ. ಅದನ್ನೇ ಹುಡುಕ್ತಾ ಟೆಸ್ಟ್ ಡ್ರೈವ್‌ಗೆ ಹೋದ್ರೆ ನಿಮಗೆ ಯಾವ ಹೊಸ ಗಾಡೀನೂ ಹಿಡಿಸಲ್ಲ.

ಆದ್ರೆ ಯಾರೂ ಹೇಳದೇ ಇರೋ ಒಂದು ವಿಷಯ ಹೇಳಲೇಬೇಕು. ನಿಮ್ಮ ಗಾಡೀಲಿ ಏರ್‌ಬ್ಯಾಗ್ ಎರಡು, ಎಬಿಎಸ್ ಇದೆ, ಇಎಸ್‌ಸಿ (ಜಾರೋ ಗಾಡೀನ ತಾನೇ ಹಿಡಿತಕ್ಕೆ ತರೋ ವ್ಯವಸ್ಥೆ) ಇಲ್ಲ. ಹೋದ ಜುಲೈನಲ್ಲಿ ಕಾತ್ರಜ್ ಹೊಸ ಟನೆಲ್ ದಾಟಿ ಇಳಿಯುವಾಗ ಮಳೇಲಿ ಮುಂದಿನ ಟೆಂಪೋ ಸಡನ್ನಾಗಿ ನಿಂತಿತು, ನಾನು ಬ್ರೇಕೂ ಒತ್ತಿ ಸ್ಟೇರಿಂಗೂ ತಿರುಗಿಸಿದೆ, ಹಿಂದಿನ ಭಾಗ ಜಾರೋಕೆ ಶುರುವಾದ ಕ್ಷಣಕ್ಕೆ ಗಾಡಿ ತಾನೇ ಒಂದೊಂದು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಹಾಕಿ ನೇರ ಮಾಡ್ಕೊಂಡಿತು, ಮೀಟರಲ್ಲಿ ಹಳದಿ ದೀಪ ಪಕಪಕ ಅಂದಿದ್ದು ಮಾತ್ರ ನೆನಪಿದೆ. ಹಿಂದಿನ ಸೀಟಲ್ಲಿ ಮಗ ಇದ್ದ. ಟೈಗುನ್‌ಗೆ 2022ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಕ್ರ್ಯಾಶ್ ಟೆಸ್ಟ್ ಮಾಡಿ ದೊಡ್ಡವರ ಸುರಕ್ಷತೆಗೂ ಮಕ್ಕಳ ಸುರಕ್ಷತೆಗೂ ಐದೈದು ಸ್ಟಾರ್ ಕೊಟ್ಟಿದೆ. ಆರು ವರ್ಷದ ಮಗು ಕೂರಿಸ್ಕೊಂಡು ಮಳೇಲಿ ಆರುನೂರು ಕಿಲೋಮೀಟರ್ ಹೋಗೋ ಮನೆಗೆ ಇದು ಮುಖ್ಯ ಸರ್.

ನನ್ನ ಸಲಹೆ, ಟೆಸ್ಟ್ ಡ್ರೈವ್‌ಗೆ ನೀವೊಬ್ರೇ ಹೋಗ್ಬೇಡಿ. ಅಮ್ಮನ್ನ ಕರ್ಕೊಂಡು ಹೋಗಿ, ನಾಲ್ಕು ಸಲ ಹತ್ತಿಸಿ ಇಳಿಸಿ. ನಮ್ಮತ್ತೆ ಸೀಟಿಗೆ ಹಾಗೇ ಒರಗಿ ಕೂತು ಕಾಲು ಒಳಗೆ ತಗೋತಾರೆ, ಬಗ್ಗೋದೇ ಬೇಡ. ಸ್ಟೇರಿಂಗ್ ನಿಮ್ಮ ಮನೆಯವರ ಕೈಗೆ ಕೊಟ್ಟು ನೀವು ಹಿಂದೆ ಕೂತ್ಕೊಳ್ಳಿ.

ಕೋಥ್ರುಡ್ ಮಲೆನಾಡಿಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರೂ ಉತ್ತರ ಹೆಂಡತಿಗೆ ಓದಿ ಹೇಳ್ದೆ. ಪಾಲಿಯೊ ಕಥೆ ಕೇಳಿ ಅವಳು ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ.

ಶನಿವಾರ ಹಿಂಜವಡಿ ಮೇಡಂ ಹೇಳಿದ ಹಾಗೇ ಎಲ್ಲರೂ ಟೈಗುನ್ ಟೆಸ್ಟ್ ಡ್ರೈವ್‌ಗೆ ಹೋದ್ವಿ. ಅಮ್ಮ ಯಾರ ಕೈಯೂ ಹಿಡೀದೆ ಹತ್ತಿ ಇಳಿದ್ರು, ಎರಡನೇ ಸಲ ತಾವಾಗೇ ಬಾಗಿಲು ತೆಗೆದು ಕೂತ್ರು. ಅದನ್ನ ನೋಡಿದ ಮೇಲೆ ಹೊಸ ಗಾಡಿ ಬೇಕೋ ಬೇಡ್ವೋ ಅನ್ನೋ ಪ್ರಶ್ನೆ ಮುಗೀತು. ಇಎಸ್‌ಸಿ ವಿಷಯ ನಾನು ಇಷ್ಟು ವರ್ಷ ಯೋಚನೆ ಮಾಡದೇ ಇದ್ದಿದ್ದು ತಪ್ಪು, ಒಪ್ಕೋತೀನಿ.

ವಾಪಸ್ ಬರುವಾಗ ಹೆಂಡತಿ ಒಂದು ಪ್ರಶ್ನೆ ಕೇಳಿದ್ಲು, ಮನೆಯವರಿಗೆ ಅಂತ ತಗೊಳ್ಳೋ ಗಾಡಿಗೆ 1.5 ಮ್ಯಾನುವಲ್ ಯಾಕೆ, ನನಗೆ ಹಿಂಜವಡಿ ಟ್ರಾಫಿಕ್‌ನಲ್ಲಿ ಆಟೋಮ್ಯಾಟಿಕ್ ಇದ್ರೆ ಸಾಕು ಅಂತ. ಅಲ್ಲೇ ನನ್ನ ತಪ್ಪು ಗೊತ್ತಾಯ್ತು. ಎಲ್ಲರನ್ನೂ ಊರಿಗೆ ಕರ್ಕೊಂಡು ಹೋಗೋ ಕೆಲಸ ಒಂದು, ಭಾನುವಾರ ಬೆಳಿಗ್ಗೆಯ ನನ್ನ ಕೆಲಸ ಇನ್ನೊಂದು, ಎರಡನ್ನೂ ಒಂದೇ ಗಾಡೀಲಿ ಹುಡುಕಿ 20 ಲಕ್ಷದ ತನಕ ಹೋಗಿದ್ದೆ. ಈಗ 2022ರ ಟೈಗುನ್ 1.0 ಆಟೋಮ್ಯಾಟಿಕ್ ಸೆಕೆಂಡ್ ಹ್ಯಾಂಡ್ ನೋಡ್ತಾ ಇದೀವಿ, 115 ಪಿಎಸ್, ಮನೆಗೆ ಧಾರಾಳ. ಪಾರ್ಕಿಂಗ್‌ಗೆ ಮೂರನೇ ಮಹಡಿಯ ಕಾಕು ಹತ್ರ ಕೇಳ್ದೆ, ಅವರಿಗೆ ಗಾಡಿ ಇಲ್ಲ, ತಿಂಗಳಿಗೆ 1500 ಕೊಡಿ ಅಂದ್ರು, ಮಾಡಿನ ಕೆಳಗಿನ ಜಾಗ.

ಚೇಳು ಇರುತ್ತೆ. ಆದ್ರೆ ಡೊಂಬಿವ್ಲಿ ಸರ್ ಮಾತು ಮನಸ್ಸಲ್ಲಿ ಇಟ್ಕೊಂಡು ಹೆಂಡತಿ ಮುಂದೆನೇ ಮಾತು ಕೊಟ್ಟಿದೀನಿ, ಸತತ ಎರಡು ತಿಂಗಳು ಓಡಿಸದೇ ನಿಂತ್ರೆ ಕೊಟ್ಟುಬಿಡೋದು. ಆರ್‌ಸಿ 2031ರ ತನಕ ಇದೆ.

ನಿಪ್ಪಾಣಿ ಸರ್, ಸದ್ಯಕ್ಕೆ ಕೊಡೋದಿಲ್ಲ, ಕ್ಷಮಿಸಿ. ಬೆಲ್ಟ್, ಪಂಪ್, ಪೈಪ್ ಎಲ್ಲ ಮಾಡಿಸೋದು ಪಕ್ಕಾ. ನಿಮ್ಮ ಮಿಸ್ತ್ರಿ ಹತ್ರ ತರಬಹುದಾ?

ನಿಪ್ಪಾಣಿ ಟರ್ಬೊ:

ಬರ್ರಿ ಸರ್, ಭಾಳ ಖುಷಿ ಆತು. ಮಿಸ್ತ್ರಿಗೆ ಹೇಳೀನಿ, ಬರೂ ಶನಿವಾರ ಅಂದಾನ. ಶುಕ್ರವಾರ ರಾತ್ರಿನ ತಂದು ಬಿಟ್ಟು ಹೋಗ್ರಿ, ಎಂಜಿನ್ ಪೂರಾ ತಣ್ಣಗಾಗಿರ್ಬೇಕು ಬಿಚ್ಚಬೇಕಂದ್ರ. ಬೆಲ್ಟ್ ಕಿಟ್ ನನ್ನ ಕಡೆ ಒಂದು ಹೆಚ್ಚಿಂದು ಐತಿ, ಬಿಲ್ ನೋಡಿ ಅಷ್ಟ ಕೊಡ್ರಿ. ಪೈಪ್ ಮಾತ್ರ ಇವತ್ತ ಆರ್ಡರ್ ಹಾಕ್ರಿ, ಅವು ಬರೂದ ತಡಾ. ಮತ್ತ ಮಗಳನ್ನೂ ಕರ್ಕೊಂಡು ಬರ್ರಿ, ಹಳೇ ಬೆಲ್ಟ್ ಕೈಯಾಗ ಕೊಟ್ಟು ಚೇಳಿನ ಹೊಟ್ಟ್ಯಾಗ ಏನಿತ್ತು ಅಂತ ತೋರ್ಸೂಣು.